ಅಲಗಿನ ಅಂಚಿಗೆ ಬಂದ ನ್ಯಾನೊ ಕೊಳವೆ

ಜತ್ತ ತಾಲ್ಲೂಕಿನಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ. ಸಾಂಗಲಿ ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣಾ ನದಿ, ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆ. ಪೂರ್ವದ ತುದಿಯಲ್ಲಿ, ವಿಜಯಪುರ ಮತ್ತು ಅಥಣಿ ಸೀಮೆಗೆ ತಾಗಿಕೊಂಡ ಈ ಕನ್ನಡದ ಊರುಗಳಲ್ಲಿ ಒಣ ಬೇಸಾಯ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆಯ ರೈತರು ಜೋಳ ಬಿತ್ತಿ, ಕುರಿ ಸಾಕಿ, ಬೋರಿನಲ್ಲಿ ಸಿಕ್ಕಷ್ಟು ನೀರನ್ನು ದಾಳಿಂಬೆಗೂ ದ್ರಾಕ್ಷಿಗೂ ಹನಿಹನಿಯಾಗಿ ಉಣಿಸಿ ಬಾಳುವೆ ಮಾಡುತ್ತಾರೆ. ಗಾಳಿಯನ್ನು ನೆಚ್ಚಿ ಬಂದವು ವಿಂಡ್‌ಮಿಲ್‌ಗಳು. ರಿನ್ಯೂ ಕಂಪನಿಯ ಜತ್ತ ಯೋಜನೆಯೊಂದರ ಸಾಮರ್ಥ್ಯವೇ 84.65 ಮೆಗಾವ್ಯಾಟ್.

ಈ ಅಧ್ಯಾಯದ ವಿಷಯ ಕಾರ್ಬನ್ ನ್ಯಾನೊ ಕೊಳವೆ ಬೆರೆಸಿದ ವಸ್ತುಗಳು, ಮತ್ತು ಅವನ್ನು ಮೈಕ್ರಾನುಗಳ ಲೆಕ್ಕದಲ್ಲಿ ಕೊರೆದು ಕತ್ತರಿಸುವ ಕೆಲಸ. ಅದನ್ನು ಜತ್ತದಿಂದ ಶುರು ಮಾಡಲು ಕಾರಣವಿದೆ. ಸೂಕ್ಷ್ಮ ಕೆತ್ತನೆಯ ಫಲ ಇಲ್ಲಿನ ತೋಟಗಳಿಗೆ ಎಂದೋ ಬಂದಾಗಿದೆ. ನಾರು ಮತ್ತು ಅಂಟು ಬೆರೆತ ಕಾಂಪೊಸಿಟ್ ಇಲ್ಲಿನ ಬಯಲಿನ ಮೇಲೆ ಹಗಲು ರಾತ್ರಿ ತಿರುಗುತ್ತಿದೆ. ನ್ಯಾನೊ ಕೊಳವೆ ಈ ಎರಡನ್ನೂ ಮುಟ್ಟುವ ವಸ್ತು. ಅದು ಎಷ್ಟು ಗಟ್ಟಿ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಕತ್ತರಿಸಲು ಹೋದಾಗ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಹೊಸ ವಸ್ತುವೊಂದರ ಯೋಗ್ಯತೆ ತಿಳಿಯುವುದು ಪ್ರಯೋಗಾಲಯದ ಎಳೆತದ ಪರೀಕ್ಷೆಗಿಂತ ಹೆಚ್ಚಾಗಿ ವರ್ಕ್‌ಶಾಪಿನ ಅಲಗಿನ ಕೆಳಗೆ.

ಮೊದಲು ತೋಟದ ವಸ್ತು. ಹಳೆಯ ಡ್ರಿಪ್ ಪೈಪಿನ ತುಂಡೊಂದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ಒಳಗೋಡೆಗೆ ಬೆಸೆದುಕೊಂಡ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯೊಂದು ಸಿಗುತ್ತದೆ. ಅದೇ ಡ್ರಿಪ್ಪರ್. ಬಿಸಿಲಿಗೆ ಹಿಡಿದು ನೋಡಿದರೆ ಒಂದು ಬದಿಯಲ್ಲಿ ಜಾಲರಿ, ಅದರಾಚೆ ಎಡಕ್ಕೂ ಬಲಕ್ಕೂ ಹಲ್ಲುಗಳಿರುವ ಅಂಕುಡೊಂಕು ಕಾಲುವೆ. ನೀರು ಜಾಲರಿಯಿಂದ ಒಳಬಂದು ಪ್ರತಿ ಹಲ್ಲಿಗೂ ಡಿಕ್ಕಿ ಹೊಡೆದು, ಸುಳಿ ಸುತ್ತಿ, ಒತ್ತಡವನ್ನೆಲ್ಲ ಕಳೆದುಕೊಂಡು ಗಂಟೆಗೆ 2 ಅಥವಾ 4 ಲೀಟರಿನ ಹಾಗೆ ಹೊರಬೀಳುತ್ತದೆ. ಸಾಲಿನ ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ನೀರು ಸಿಗುವುದು ಈ ಹಲ್ಲುಗಳ ದಯೆಯಿಂದ.

ಕಾಲುವೆಯ ಅಗಲ ಒಂದು ಮಿಲಿಮೀಟರಿನ ಆಸುಪಾಸು. ಉದಾಹರಣೆಗೆ 0.7 ಮಿಲಿಮೀಟರ್ ಅಗಲ, ಅಷ್ಟೇ ಆಳ ಎಂದುಕೊಳ್ಳೋಣ. ಅಗಲ, ಆಳ ಎರಡೂ 0.03 ಮಿಲಿಮೀಟರ್ ಹೆಚ್ಚಾದರೆ ನೀರು ಹರಿಯುವ ಜಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಲಕ್ಷಗಟ್ಟಲೆ ಡ್ರಿಪ್ಪರುಗಳನ್ನು ಅಚ್ಚೊತ್ತುವ ಉಕ್ಕಿನ ಅಚ್ಚಿನಲ್ಲಿ ಆ ತಪ್ಪು ಉಳಿದರೆ ಅದು ಎಲ್ಲ ತೋಟಗಳಿಗೂ ಹೋಗುತ್ತದೆ. ಆದ್ದರಿಂದ ಅಚ್ಚು ಕೆತ್ತುವವರು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಎಣಿಸಿ ಕೆಲಸ ಮಾಡುತ್ತಾರೆ. ಕೂದಲಿನಷ್ಟು ಸಣ್ಣ ಮಿಲ್ಲಿಂಗ್ ಕಟರ್, ಕಿಡಿಯಿಂದ ಲೋಹ ತಿನ್ನುವ ಸ್ಪಾರ್ಕ್ ಮಶೀನ್, ಇವೆರಡೂ ಅವರ ಆಯುಧಗಳು. ಡೀಸೆಲ್ ಪಂಪಿನ ನಾಝಲ್ಲಿನ ತೂತುಗಳೂ ಹೀಗೆ ಕಿಡಿಯಿಂದ ಕೊರೆದವೇ. ಮೈಕ್ರೊ ಮಶೀನಿಂಗ್ ಎಂದರೆ ಇದೇ.

ಇನ್ನು ಬಯಲಿನ ಮೇಲಿನದು. ವಿಂಡ್‌ಮಿಲ್ಲಿನ ರೆಕ್ಕೆ ದೂರಕ್ಕೆ ನಿಧಾನ ತಿರುಗುವಂತೆ ಕಾಣುತ್ತದೆ. ಲೆಕ್ಕ ಬೇರೆ ಹೇಳುತ್ತದೆ. 100 ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 15 ಸುತ್ತು ಹಾಕಿದರೆ ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ ಸುಮಾರು 78 ಮೀಟರು, ಅಂದರೆ ಗಂಟೆಗೆ ಸುಮಾರು 280 ಕಿಲೋಮೀಟರು. ಆ ವೇಗದಲ್ಲಿ ಜತ್ತದ ಧೂಳು, ಅಪರೂಪದ ಮಳೆಯ ಹನಿ, ಎಲ್ಲವೂ ರೆಕ್ಕೆಯ ಮುಂಚೂಣಿಯ ಅಂಚನ್ನು ಕೆರೆಯುತ್ತವೆ. ಇದಕ್ಕಿಂತ ದೊಡ್ಡ ಕಾಟ ರೆಕ್ಕೆಯ ಸ್ವಂತ ಭಾರದ್ದು. ಪ್ರತಿ ಸುತ್ತಿನಲ್ಲೂ ಒಮ್ಮೆ ಒಂದು ಅಂಚು ಎಳೆತಕ್ಕೆ ಸಿಕ್ಕಿದರೆ ಮತ್ತೊಮ್ಮೆ ಒತ್ತಡಕ್ಕೆ ಸಿಗುತ್ತದೆ. ಬಿಡುವಿಲ್ಲದೆ ತಿರುಗಿದರೆ 20 ವರ್ಷಕ್ಕೆ 15 ಕೋಟಿಗೂ ಮಿಕ್ಕಿ ಸುತ್ತುಗಳು.

ರೆಕ್ಕೆಯ ಒಡಲು ಮುಖ್ಯವಾಗಿ ಗಾಜಿನ ನಾರಿನ ಬಟ್ಟೆಯ ಪದರಗಳು. ಪದರಗಳನ್ನು ಹಿಡಿದಿಡುವುದು ಎಪಾಕ್ಸಿಯಂಥ ರಾಳ. ನಾರಿನ ಉದ್ದಕ್ಕೆ ಈ ಕಾಂಪೊಸಿಟ್ ಉಕ್ಕಿಗೆ ಸವಾಲು ಹಾಕುವಷ್ಟು ಗಟ್ಟಿ. ಆದರೆ ಪದರ ಪದರಗಳ ನಡುವೆ ನಾರಿಲ್ಲ, ಬರೀ ರಾಳ. ಬಿರುಕು ಹುಟ್ಟುವುದೂ ಹರಿಯುವುದೂ ಅಲ್ಲೇ. ಪದರಗಳು ಬಿಚ್ಚಿಕೊಳ್ಳುವ ಈ ರೋಗ ರೆಕ್ಕೆಗಳಿಗೆ ಮಾತ್ರವಲ್ಲ, ವಿಮಾನಗಳಿಗೂ ಇದೆ. ಬೆಂಗಳೂರಿನ ತೇಜಸ್ ಯುದ್ಧವಿಮಾನದ ತೂಕದಲ್ಲಿ ಶೇ. 45ರಷ್ಟು ಕಾಂಪೊಸಿಟ್. ಅದರ ಮೇಲೆ ತೂತು ಕೊರೆಯುವ ಪ್ರತಿಯೊಬ್ಬ ಕುಶಲಕರ್ಮಿಯೂ ಡ್ರಿಲ್ ಆಚೆ ಬದಿಯಿಂದ ಹೊರಬರುವ ಆ ಕೊನೆಯ ಕ್ಷಣದಲ್ಲಿ ಪದರ ಕಿತ್ತುಬಾರದಂತೆ ಕೈ ಬಿಗಿಹಿಡಿಯುತ್ತಾನೆ. ಉಕ್ಕಿನ ತೂತು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಕಾಂಪೊಸಿಟ್ಟಿನ ತೂತು ಒಳಗೊಳಗೇ ಕೆಡುತ್ತದೆ.

ನಾರಿಲ್ಲದ ಆ ನಡುವಿನ ರಾಳಕ್ಕೆ ಬಲ ತುಂಬುವುದು ಹೇಗೆ ಎಂಬ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಒಂದು ನ್ಯಾನೊ ಕೊಳವೆ. ಪೆನ್ಸಿಲ್ಲಿನ ಗ್ರಾಫೈಟ್ ಒಂದರ ಮೇಲೊಂದು ಕೂತ ಇಂಗಾಲದ ಹಾಳೆಗಳ ರಾಶಿ. ಒಂದೇ ಪರಮಾಣುವಿನ ದಪ್ಪವಿರುವ ಅಂಥ ಹಾಳೆ ಸುರುಳಿಯಾಗಿ ಅಂಚಿಗೆ ಅಂಚು ಬೆಸೆದುಕೊಂಡರೆ ಕೊಳವೆ. ಒಂದೇ ಗೋಡೆಯದಾದರೆ ವ್ಯಾಸ ಒಂದೆರಡು ನ್ಯಾನೊಮೀಟರ್, ಗೋಡೆಯೊಳಗೆ ಗೋಡೆ ಇರುವುದಾದರೆ ಹತ್ತಿಪ್ಪತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಜಪಾನಿನ ಎನ್‌ಇಸಿ ಪ್ರಯೋಗಾಲಯದ ಸುಮಿಯೊ ಈಜಿಮಾ 1991ರಲ್ಲಿ ಇವುಗಳ ರಚನೆಯನ್ನು ಬಿಡಿಸಿ ತೋರಿಸಿದ ಮೇಲೆ ಜಗತ್ತು ಇತ್ತ ತಿರುಗಿತು. ಆದರೆ ಸೋವಿಯತ್ ವಿಜ್ಞಾನಿಗಳಾದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ 1952ರಲ್ಲೇ ಇಂಗಾಲದ ಪೊಳ್ಳು ಎಳೆಗಳ ಚಿತ್ರ ಪ್ರಕಟಿಸಿದ್ದರು. ಅವರ ಹೆಸರನ್ನೂ ಹೇಳುವುದು ನ್ಯಾಯ.

2000ರಲ್ಲಿ ಅಮೆರಿಕದ ರಾಡ್ನಿ ರುವಾಫ್ ತಂಡ ಒಂದೊಂದೇ ಕೊಳವೆಯನ್ನು ಹಿಡಿದು ಎಳೆದು ಹರಿಯಿತು. ಹೊರಗೋಡೆ 11ರಿಂದ 63 ಗಿಗಾಪಾಸ್ಕಲ್ ಎಳೆತ ತಾಳಿತು. ಗಟ್ಟಿಯಾದ ಉಕ್ಕಿನ ತಂತಿ ಸಾಮಾನ್ಯವಾಗಿ ತಾಳುವುದು ಎರಡು ಮೂರು ಗಿಗಾಪಾಸ್ಕಲ್. ಬಗ್ಗದೆ ನಿಲ್ಲುವ ಬಿಗುವಿನಲ್ಲಿ ಕೊಳವೆ ಉಕ್ಕಿನ ಐದು ಪಟ್ಟು, ತೂಕದಲ್ಲಿ ಉಕ್ಕಿನ ಕಾಲು ಭಾಗ.

ನಮ್ಮ ನೆಲದಲ್ಲೂ ಆ ವರ್ಷಗಳಲ್ಲಿ ದೊಡ್ಡ ಕೆಲಸ ನಡೆಯಿತು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2000ದಲ್ಲಿ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಕೊಳವೆಗಳನ್ನು ಬೆಳೆಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಶಂಕರ್ ಘೋಷ್, ಎ.ಕೆ. ಸೂದ್ ಮತ್ತು ರಾಮನ್ ಸಂಶೋಧನಾ ಸಂಸ್ಥೆಯ ಎನ್. ಕುಮಾರ್ 2003ರಲ್ಲಿ ಕೊಳವೆಗಳ ಕಟ್ಟಿನ ಮೇಲೆ ದ್ರವ ಹರಿಸಿದರೆ ವೋಲ್ಟೇಜ್ ಹುಟ್ಟುತ್ತದೆಂದು ತೋರಿಸಿದರು. ಕೊಳವೆ ಬೆಳೆಸುವ, ಅಳೆಯುವ ವಿದ್ಯೆ ಹೀಗೆ ಕೈಗೆ ಹತ್ತಿತು. ಅದನ್ನು ರಾಳಕ್ಕೆ ಬೆರೆಸಿ ಕೆಲಸಕ್ಕೆ ಹಚ್ಚುವ ವಿದ್ಯೆ ಬೇರೆ, ಅದು ಇನ್ನೂ ಕಷ್ಟದ್ದು.

ಕಷ್ಟ ಏಕೆಂದರೆ ಕೊಳವೆಗಳಿಗೆ ಒಂದರ ಮೇಲೊಂದಕ್ಕೆ ವಿಪರೀತ ಸೆಳೆತ. ಪುಡಿಯನ್ನು ಎಪಾಕ್ಸಿಗೆ ಸುರಿದು ಕಲಕಿದರೆ ಗಂಟುಗಂಟಾಗಿ ಉಳಿಯುತ್ತವೆ, ಮತ್ತು ಪ್ರತಿ ಗಂಟೂ ಬಿರುಕು ಹುಟ್ಟುವ ತಾಣ. ಶ್ರವಣಾತೀತ ಧ್ವನಿಯಿಂದ ಒದರಿಸಬೇಕು, ಬಿಗಿಯಾದ ಮೂರು ರೋಲರುಗಳ ನಡುವೆ ಅರೆಯಬೇಕು, ಕೊಳವೆಯ ಮೈಗೆ ರಾಳವನ್ನು ಹಿಡಿಯುವ ರಾಸಾಯನಿಕ ಕೈಗಳನ್ನು ಅಂಟಿಸಬೇಕು. ಅತಿಯಾಗಿ ಒದರಿಸಿದರೆ ಕೊಳವೆಗಳೇ ತುಂಡಾಗುತ್ತವೆ. ಕೊಳವೆ ಎಷ್ಟೇ ಗಟ್ಟಿಯಾಗಿದ್ದರೂ ರಾಳ ಅದನ್ನು ಬಿಗಿಯಾಗಿ ಹಿಡಿಯದಿದ್ದರೆ ಭಾರ ಅದಕ್ಕೆ ದಾಟುವುದೇ ಇಲ್ಲ. ಒಂದು ಶೇಕಡಾಕ್ಕೂ ಕಡಿಮೆ ಬೆರೆಸಿದಾಗ ಸಿಗುವ ಲಾಭ ಐದು ಶೇಕಡಾ ಬೆರೆಸಿದಾಗ ಸಿಗದೇ ಹೋಗುವುದು ಈ ಗಂಟುಗಳ ಕಾರಣಕ್ಕೆ.

ಇಲ್ಲಿಂದ ಅಲಗಿನ ಕತೆ ಶುರುವಾಗುತ್ತದೆ, ಮತ್ತು ಅದು ಶುರುವಾಗುವುದು ನ್ಯಾನೊ ಕೊಳವೆ ಬೆರೆಸಿದ ಪಾಲಿಮರಿನ ಮೊಟ್ಟಮೊದಲ ದೊಡ್ಡ ಪ್ರಬಂಧದಲ್ಲೇ. ಕೇರಳದಲ್ಲಿ ಹುಟ್ಟಿ ಬನಾರಸ್ಸಿನಲ್ಲಿ ಲೋಹಶಾಸ್ತ್ರ ಓದಿದ ಪುಳಿಕ್ಕಲ್ ಅಜಯನ್ ಆಗ ಫ್ರಾನ್ಸಿನಲ್ಲಿದ್ದರು. ಅವರೂ ಸಂಗಡಿಗರೂ ಕೊಳವೆಗಳನ್ನು ಎಪಾಕ್ಸಿಯಲ್ಲಿ ಬೆರೆಸಿ ಗಟ್ಟಿಯಾಗಲು ಬಿಟ್ಟರು. ಕೊಳವೆಗಳು ಒಳಗೆ ದಿಕ್ಕಾಪಾಲಾಗಿ ಚೆದುರಿದ್ದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ಆ ಗಟ್ಟಿಯಿಂದ ತೆಳು ಹಲ್ಲೆಗಳನ್ನು ಕೊಯ್ದರು, ಒಂದೊಂದೂ 50ರಿಂದ 200 ನ್ಯಾನೊಮೀಟರ್ ದಪ್ಪ. ನೋಡಿದರೆ ಕೊಳವೆಗಳು ಒಂದಕ್ಕೊಂದು ಸಮಾನಾಂತರವಾಗಿ, ನೆಟ್ಟಗೆ, ಅಲಗು ಸಾಗಿದ ದಿಕ್ಕಿಗೇ ಮಲಗಿದ್ದವು. ಮುರಿದಿರಲಿಲ್ಲ. ಅಲಗು ರಾಳವನ್ನು ಕೊಯ್ಯುವಾಗ ಆ ತೆಳು ಪದರದಲ್ಲಿ ರಾಳ ಹರಿದಿತ್ತು; ಹರಿಯುತ್ತ ಕೊಳವೆಗಳನ್ನು ಜೊತೆಗೆಳೆದು ನೆಟ್ಟಗೆ ಮಾಡಿತ್ತು. 1994ರಲ್ಲಿ ಸೈನ್ಸ್ ಪತ್ರಿಕೆ ಇದನ್ನು ಪ್ರಕಟಿಸಿತು.

ಈ ಪ್ರಯೋಗದ ಬಗ್ಗೆ ನನಗೆ ತುಂಬ ಮೆಚ್ಚುಗೆ. ಕೊಯ್ಯುವುದೆಂದರೆ ಬೇಡದ್ದನ್ನು ತೆಗೆದುಹಾಕುವುದು ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಕೊಯ್ತವೇ ಒಳಗಿನ ರಚನೆಯನ್ನು ಬದಲಿಸಿತು. ನ್ಯಾನೊ ಕೊಳವೆಯ ವಸ್ತುವನ್ನು ಮಶೀನಿಗೆ ಕಟ್ಟಿದವನು ಅದರ ಆಕಾರವನ್ನಷ್ಟೇ ಅಲ್ಲ, ಮೇಲ್ಮೈಯ ಗುಣವನ್ನೂ ತಿದ್ದುತ್ತಿರುತ್ತಾನೆ.

ಮೈಕ್ರಾನುಗಳ ಲೋಕದಲ್ಲಿ ಅಲಗಿನ ನಡವಳಿಕೆಯೇ ಬೇರೆ. ಲೇತಿನಲ್ಲಿ ಅರ್ಧ ಮಿಲಿಮೀಟರ್ ಆಳಕ್ಕೆ ಕೊರೆಯುವ ಟೂಲಿನ ಅಂಚು ಆ ಆಳದ ಮುಂದೆ ಚೂಪೇ. ಆದರೆ ಎಷ್ಟೇ ಸಾಣೆ ಹಿಡಿದರೂ ಟಂಗ್‌ಸ್ಟನ್ ಕಾರ್ಬೈಡಿನ ಅಂಚು ಒಂದೆರಡು ಮೈಕ್ರಾನಿನಷ್ಟು ದುಂಡಗೇ ಇರುತ್ತದೆ. ಅರ್ಧ ಮಿಲಿಮೀಟರ್ ವ್ಯಾಸದ ಕಟರ್ ನಿಮಿಷಕ್ಕೆ 60,000 ಸುತ್ತು ತಿರುಗುತ್ತ ಪ್ರತಿ ಹಲ್ಲಿಗೆ ಒಂದೇ ಮೈಕ್ರಾನ್ ಮುಂದೆ ಸರಿಯುವಾಗ ಆ ದುಂಡು ಲೆಕ್ಕಕ್ಕೆ ಬರುತ್ತದೆ. ಅಂಚಿನ ದುಂಡಿನ ಮೂರನೇ ಒಂದು ಭಾಗಕ್ಕಿಂತ ಬಹಳ ಕಡಿಮೆ ಆಳಕ್ಕೆ ಇಳಿದರೆ ಸಿಪ್ಪೆ ಏಳುವುದೇ ಇಲ್ಲ. ಮೊಂಡು ಕುಳದ ನೇಗಿಲು ಒಣ ಹೊಲದಲ್ಲಿ ಮಣ್ಣನ್ನು ಮಗುಚದೆ ಬದಿಗೆ ಒತ್ತಿ ಸಾಗುತ್ತದಲ್ಲ, ಹಾಗೆ ಟೂಲು ವಸ್ತುವನ್ನು ಒತ್ತಿ, ಉಜ್ಜಿ ಮುಂದೆ ಹೋಗುತ್ತದೆ. ಇಂಜಿನಿಯರುಗಳೂ ಇದನ್ನು ಉಳುಮೆ ಎಂದೇ ಕರೆಯುತ್ತಾರೆ. ಬಲ ಹೆಚ್ಚು ಬೇಕು, ಕಾವು ಹೆಚ್ಚುತ್ತದೆ, ಅಂಚುಗಳಲ್ಲಿ ಮುಳ್ಳು ಏಳುತ್ತವೆ, ಕೂದಲೆಳೆಯಂಥ ಕಟರ್ ಪಟ್ಟನೆ ಮುರಿಯುತ್ತದೆ.

ನೇಗಿಲಿನ ಮಾತು ಬಂದದ್ದರಿಂದ ಒಂದು ಸಂಗತಿ. ಇದೇ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ 1910ರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಅವರ ಕಬ್ಬಿಣದ ನೇಗಿಲು ಈ ಭಾಗದ ಯಂತ್ರೋದ್ಯಮದ ಮೊದಲ ಹೆಜ್ಜೆಗಳಲ್ಲೊಂದು. ಇಂದು ಸಾಂಗಲಿ, ಕೊಲ್ಲಾಪುರ, ಬೆಳಗಾವಿಯ ಎರಕದ ಕಾರ್ಖಾನೆಗಳೂ ಲೇತ್ ಶೆಡ್ಡುಗಳೂ ನಿಂತಿರುವ ನೆಲದಲ್ಲಿ ಈ ವಿದ್ಯೆ ಪರಕೀಯವಲ್ಲ. ಜತ್ತದ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರಿಗೆ ಒಂದು ಬದಿಗೆ 1947ರಿಂದ ಇರುವ ಸಾಂಗಲಿಯ ವಾಲಚಂದ್ ಇಂಜಿನಿಯರಿಂಗ್ ಕಾಲೇಜು, ಇನ್ನೊಂದು ಬದಿಗೆ ವಿಜಯಪುರ, ಬೆಳಗಾವಿಯ ಕಾಲೇಜುಗಳಿವೆ.

ಈಗ ಅಲಗು ಮತ್ತು ಕೊಳವೆಯನ್ನು ಎದುರುಬದುರು ನಿಲ್ಲಿಸೋಣ. ಮಾಮೂಲಿ ಕಾರ್ಬನ್ ನಾರಿನ ವ್ಯಾಸ 7 ಮೈಕ್ರಾನ್. ಎರಡು ಮೈಕ್ರಾನ್ ದುಂಡಿನ ಅಲಗಿಗೆ ಅದು ಒಂದೊಂದಾಗಿ ಎದುರಾಗುವ ಗಟ್ಟಿ ಕಂಬ. ಅಲಗು ನಾರನ್ನು ಬಗ್ಗಿಸಿ ಮುರಿಯುತ್ತದೆ, ಕೆಲವನ್ನು ಬೇರು ಸಮೇತ ಕಿತ್ತು ಗುಳಿ ಬಿಡುತ್ತದೆ, ತಾನೂ ಬೇಗ ಸವೆಯುತ್ತದೆ. ನ್ಯಾನೊ ಕೊಳವೆ ಅದೇ ಅಲಗಿನ ದುಂಡಿನ ನೂರನೇ ಒಂದು ಭಾಗ. ಅಲಗಿನ ಪಾಲಿಗೆ ಕೊಳವೆ, ರಾಳ ಎಂಬ ಭೇದವಿಲ್ಲ. ಇಡೀ ವಸ್ತು ಒಂದೇ ಹದದ್ದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ಸನ್ ಸ್ಯಾಮ್ಯುಯೆಲ್, ರಿಚರ್ಡ್ ಡಿವೋರ್, ಶಿವ್ ಕಪೂರ್ ಮತ್ತಿತರರು 2006ರಲ್ಲಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ಕೊಳವೆ ಬೆರೆಸಿ, ಬರಿಯ ಪ್ಲಾಸ್ಟಿಕ್ ಮತ್ತು ಕಾರ್ಬನ್ ನಾರಿನ ವಸ್ತುವಿನ ಜೊತೆ ಇಟ್ಟು ಸೂಕ್ಷ್ಮ ಮಿಲ್ಲಿಂಗ್ ಮಾಡಿ ಹೋಲಿಸಿದರು. ಸಿಪ್ಪೆಯ ಆಕಾರ, ಕತ್ತರಿಸಿದ ಮೈಯ ನಯ, ಟೂಲಿನ ಮೇಲೆ ಬಿದ್ದ ಬಲ ಎಲ್ಲವನ್ನೂ ಅಳೆದ ಅಂಥ ಕೆಲಸದಿಂದಲೇ ಈ ವಿಷಯ ಒಂದು ಶಾಸ್ತ್ರವಾಯಿತು.

ಕಾವಿನ ಮಾತೂ ಇದೆ. ಪ್ಲಾಸ್ಟಿಕ್ಕಿಗೆ ಶಾಖ ಸಾಗಿಸುವ ಗುಣ ತೀರ ಕಡಿಮೆ. ಕೊರೆಯುವಾಗ ಹುಟ್ಟಿದ ಕಾವು ಅಲಗಿನ ಬುಡದಲ್ಲೇ ಕೂತು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಟೂಲಿಗೆ ಮೆತ್ತಿಸುತ್ತದೆ. ಒಂಟಿ ನ್ಯಾನೊ ಕೊಳವೆ ತಾಮ್ರಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ರಾಳದೊಳಗೆ ಹೊಕ್ಕಾಗ ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟುವಲ್ಲಿ ಆ ಲಾಭ ಬಹುಪಾಲು ಸೋರಿಹೋಗುತ್ತದೆ. ಆದರೂ ಉಳಿದ ಅಲ್ಪವೇ ಕಟರಿನ ಅಂಚಿನಲ್ಲಿ ಕಾವು ಚದುರಿಸಲು ನೆರವಾಗುತ್ತದೆ.

ಅಲಗನ್ನೇ ಬದಿಗಿಡುವ ದಾರಿಯೊಂದಿದೆ, ಸ್ಪಾರ್ಕ್ ಮಶೀನು. 1943ರಲ್ಲಿ ಸೋವಿಯತ್ ದಂಪತಿ ಬೋರಿಸ್ ಮತ್ತು ನತಾಲ್ಯಾ ಲಾಝರೆಂಕೊ ವಿದ್ಯುತ್ ಸ್ವಿಚ್ಚುಗಳು ಕಿಡಿಯಿಂದ ಸವೆಯುವುದನ್ನು ತಡೆಯಲು ಹೊರಟು, ಅದೇ ಸವೆತವನ್ನು ಲೋಹ ಕೊರೆಯಲು ಬಳಸುವ ವಿಧಾನ ಕಂಡುಕೊಂಡರು. ಎಣ್ಣೆಯಲ್ಲಿ ಮುಳುಗಿದ ವಸ್ತು ಮತ್ತು ಎಲೆಕ್ಟ್ರೋಡಿನ ನಡುವೆ ಕಿಡಿ ಹಾರುತ್ತದೆ, ಪ್ರತಿ ಕಿಡಿಯೂ ಚೂರು ಲೋಹವನ್ನು ಆವಿ ಮಾಡುತ್ತದೆ. ಮುಟ್ಟುವುದಿಲ್ಲವಾದ್ದರಿಂದ ಎಷ್ಟೇ ಗಡುಸಾದುದನ್ನೂ ಕೊರೆಯಬಹುದು. ಷರತ್ತು ಒಂದೇ, ವಸ್ತುವಿನಲ್ಲಿ ವಿದ್ಯುತ್ ಹರಿಯಬೇಕು. ಹೆಚ್ಚಿನ ಸೆರಾಮಿಕ್ಕುಗಳಲ್ಲಿ ಹರಿಯದು, ಎಪಾಕ್ಸಿಯಲ್ಲಿ ಹರಿಯದು.

ನ್ಯಾನೊ ಕೊಳವೆ ಈ ಷರತ್ತನ್ನು ಪೂರೈಸುತ್ತದೆ. ತೆಳ್ಳಗೆ ಉದ್ದವಾದ ಕೊಳವೆಗಳು ರಾಳದೊಳಗೆ ಒಂದನ್ನೊಂದು ತಾಗುವಷ್ಟು ಸೇರಿದ ಕೂಡಲೇ ಈ ತುದಿಯಿಂದ ಆ ತುದಿಗೆ ವಿದ್ಯುತ್ತಿಗೆ ದಾರಿ ತೆರೆದುಕೊಳ್ಳುತ್ತದೆ. ಇದಕ್ಕೆ ಬೇಕಾದ ಪ್ರಮಾಣ ನಂಬಲಾಗದಷ್ಟು ಕಡಿಮೆ. 2003ರಲ್ಲಿ ಸ್ಯಾಂಡ್ಲರ್ ಮತ್ತು ಸಂಗಡಿಗರು ಎಪಾಕ್ಸಿಯ ತೂಕದ ಶೇ. 0.0025ರಷ್ಟು ಕೊಳವೆಯಿಂದಲೇ ಇದನ್ನು ಸಾಧಿಸಿದರು. 100 ಕಿಲೋ ರಾಳಕ್ಕೆ ಎರಡೂವರೆ ಗ್ರಾಂ. ಗಡುಸಾದ ಸೆರಾಮಿಕ್ಕಿಗೆ ಇನ್ನೂ ಹೆಚ್ಚು ಬೇಕು, ಆದರೆ ವಜ್ರದ ಟೂಲಿಗೂ ಸತಾಯಿಸುವ ಆ ವಸ್ತುವನ್ನು ಮಾಮೂಲಿ ಸ್ಪಾರ್ಕ್ ಮಶೀನಿನಲ್ಲಿ ಕೂರಿಸಿ ಕೊರೆಯುವಂತಾಗುವುದು ವರ್ಕ್‌ಶಾಪಿಗೆ ಸಣ್ಣ ವಿಷಯವಲ್ಲ. ಈ ಹಾದಿಯ ಸಂಶೋಧನೆಗೆ ದೊಡ್ಡ ಕಟ್ಟಡಗಳೂ ಬೇಡ. ಕಿಡಿಯ ಅವಧಿ, ಕರೆಂಟು, ಕೊಳವೆಯ ಪ್ರಮಾಣ ಇವನ್ನು ಬದಲಿಸುತ್ತ ತಾಳ್ಮೆಯಿಂದ ಅಳೆಯುವ ಕೆಲಸ ಜಿಲ್ಲಾ ಮಟ್ಟದ ಕಾಲೇಜಿನಲ್ಲೂ ಸಾಧ್ಯ. ಯಂತ್ರಗಳ ಊರಿನ ಕಾಲೇಜುಗಳು ಇದನ್ನು ಎತ್ತಿಕೊಳ್ಳಬೇಕೆಂಬುದು ನನ್ನ ಒತ್ತಾಸೆ.

ಹಾಗಾದರೆ ಜತ್ತದ ರೆಕ್ಕೆಗಳಲ್ಲಿ ನ್ಯಾನೊ ಕೊಳವೆ ಏಕಿಲ್ಲ? ಪ್ರಯತ್ನ ನಡೆದಿದೆ. 2011ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಮಾರ್ಸಿಯೊ ಲೂಸ್ ಕೊಳವೆ ಬೆರೆಸಿದ ಪಾಲಿಯುರಿಥೇನಿನಿಂದ 29 ಅಂಗುಲದ ರೆಕ್ಕೆ ಮಾಡಿದರು. ದಣಿವಿನ ಪರೀಕ್ಷೆಯಲ್ಲಿ ಆ ವಸ್ತು ಗಾಜಿನ ನಾರಿನ ಎಪಾಕ್ಸಿಗಿಂತ ಸುಮಾರು 8 ಪಟ್ಟು ಬಾಳಿತು. ಅದು 400 ವ್ಯಾಟಿನ ಪುಟ್ಟ ಯಂತ್ರದ್ದು. 50 ಮೀಟರಿನ ರೆಕ್ಕೆಗೆ ಟನ್ನುಗಟ್ಟಲೆ ರಾಳ ಬೇಕು. ಅಷ್ಟು ರಾಳದಲ್ಲಿ ಗಂಟಿಲ್ಲದೆ ಕೊಳವೆ ಬೆರೆಸುವುದು, ಅದರಿಂದ ಮಂದವಾದ ರಾಳವನ್ನು ಬಟ್ಟೆಯ ಎಳೆ ಎಳೆಗೂ ಇಳಿಸುವುದು ಬೇರೆ ಮಾತು. ಆ ಪ್ರಯೋಗಕ್ಕೆ ನೆರವಾಗಿದ್ದ ಬಾಯರ್ ಕಂಪನಿ 2013ರಲ್ಲಿ ನ್ಯಾನೊ ಕೊಳವೆಯ ಉತ್ಪಾದನೆಯನ್ನೇ ಕೈಬಿಟ್ಟಿತು. ಕೊಳವೆಗಳಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿದ್ದು ಲಿಥಿಯಂ ಬ್ಯಾಟರಿಯ ಎಲೆಕ್ಟ್ರೋಡಿನಲ್ಲಿ, ವಿದ್ಯುತ್ತಿಗೆ ದಾರಿ ಮಾಡಿಕೊಡುವ ಆ ಹಳೆಯ ಗುಣಕ್ಕಾಗಿ. ಬಲಶಾಲಿ ಎಂದು ಹೆಸರಾದ ವಸ್ತುವಿಗೆ ಬಲದ ಕೆಲಸ ಇನ್ನೂ ಪೂರ್ತಿ ದಕ್ಕಿಲ್ಲ.

ಕೊನೆಯದಾಗಿ ಧೂಳು. ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇಲಿಗಳ ಹೊಟ್ಟೆಯೊಳಗೆ ನ್ಯಾನೊ ಕೊಳವೆ ಹಾಕಿ ನೋಡಿದರು. ಉದ್ದನೆಯ ನೆಟ್ಟ ಕೊಳವೆಗಳು ಕಲ್ನಾರಿನಂತೆಯೇ ಉರಿಯೂತ ತಂದವು. ಗಿಡ್ಡ, ಸಿಕ್ಕುಸಿಕ್ಕಾದವು ತರಲಿಲ್ಲ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೊಗ್ರಾಂ ಮಾತ್ರ. ಕತ್ತರಿಸಿದಾಗ ಕೊಳವೆಗಳು ಬಿಡಿಬಿಡಿಯಾಗಿ ಹಾರುತ್ತವೆಯೇ ಎಂದು ಮ್ಯಾಸಚೂಸೆಟ್ಸ್‌ನ ಸಂಶೋಧಕರು 2009ರಲ್ಲಿ ಅಳೆದರು. ಬಿಡಿ ಕೊಳವೆಗಳು ಕಾಣಲಿಲ್ಲ. ಆದರೆ ನೀರಿಲ್ಲದೆ ಕತ್ತರಿಸಿದಾಗ ಅತಿ ಸಣ್ಣ ಕಣಗಳ ದಟ್ಟ ಧೂಳು ಎದ್ದಿತು. ನೀರು ಹಾಯಿಸುತ್ತ ಕತ್ತರಿಸಿದಾಗ ಧೂಳು ಮಾಮೂಲಿ ಗಾಳಿಯ ಮಟ್ಟಕ್ಕೆ ಇಳಿಯಿತು.

ಇದು ಜತ್ತಕ್ಕೆ ನೇರವಾಗಿ ತಾಗುವ ಮಾತು. ರೆಕ್ಕೆಗಳ ದುರಸ್ತಿಗೆ ಹಗ್ಗಕ್ಕೆ ಜೋತುಬಿದ್ದು ಗ್ರೈಂಡರಿನಿಂದ ಸವೆದ ಅಂಚನ್ನು ಉಜ್ಜುವವರು ಇಂದೂ ಗಾಜಿನ ನಾರಿನ ಧೂಳನ್ನೇ ಎದುರಿಸುತ್ತಿದ್ದಾರೆ. ರೆಕ್ಕೆಗಳ ಆಯುಷ್ಯ ಸುಮಾರು 20 ವರ್ಷ. ಅದು ಮುಗಿದ ಮೇಲೆ ಕೆಳಗಿಳಿದ ರೆಕ್ಕೆಯನ್ನು ಲಾರಿಗೆ ಏರಿಸಲು ಹೊಲದಲ್ಲೇ ತುಂಡು ಮಾಡಬೇಕಾಗುತ್ತದೆ, ಗರಗಸ ಹಿಡಿಯುವವರು ಅಕ್ಕಪಕ್ಕದ ಊರಿನ ಕೂಲಿಯವರೂ ಆಗಿರಬಹುದು. ಮುಂದಿನ ರೆಕ್ಕೆಗಳ ರಾಳಕ್ಕೆ ನ್ಯಾನೊ ಕೊಳವೆ ಸೇರುವುದಾದರೆ, ಅದನ್ನು ಬೆರೆಸುವ ಮೊದಲೇ ಕತ್ತರಿಸುವ ವಿಧಾನವೂ ಗೊತ್ತಾಗಿರಬೇಕು. ನೀರು ಹಾಯಿಸಿ ಕೊಯ್ಯಬೇಕು, ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಕಣ ತಡೆಯುವ ಸರಿಯಾದ ಮಾಸ್ಕ್ ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ತಾಲ್ಲೂಕಿನಲ್ಲಿ ಗರಗಸಕ್ಕೆ ನೀರು ಕೇಳುವುದು ಸುಲಭವಲ್ಲ. ಕೊಯ್ತದ ನೀರನ್ನು ತೊಟ್ಟಿಯಲ್ಲಿ ಹಿಡಿದು, ಕೆಸರು ಸೋಸಿ, ಮತ್ತೆ ಮತ್ತೆ ಗರಗಸಕ್ಕೇ ಬಿಡುವ ವ್ಯವಸ್ಥೆ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳಲ್ಲಿ ಹಿಂದಿನಿಂದಲೂ ಇದೆ. ಲಾರಿಯ ಮೇಲೆ ಹೊತ್ತು ಹೊಲದ ಬದುವಿಗೆ ತರಬಹುದಾದ ಅಂಥದೊಂದು ಘಟಕವನ್ನು ರೂಪಿಸುವುದು ಸಾಂಗಲಿಯ ಅಥವಾ ಬೆಳಗಾವಿಯ ಯಾವುದೇ ವರ್ಕ್‌ಶಾಪಿಗೆ ಸಾಧ್ಯ. ಸೋಸಿ ಉಳಿದ ಕೆಸರು ಮಾತ್ರ ದಾಳಿಂಬೆಯ ಬುಡಕ್ಕೆ ಹೋಗದಂತೆ ನೋಡಿಕೊಳ್ಳಬೇಕು.